ನಾಲ್ಕು ತಾಸಿನ ಒಪ್ಪಿಗೆ ಪತ್ರ

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಬಸ್ಸಿನ ವೇಳೆ ಕೇಳಲು ಯಾರೂ ನಿಲ್ದಾಣಕ್ಕೆ ಹೋಗುವುದಿಲ್ಲ. ಸೋಮನಿಂಗಪ್ಪನವರ ಕಟ್ಟೆಗೆ ಹೋಗುತ್ತಾರೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಕೂತು, ಬಂದ ಬಸ್ಸಿಗೆಲ್ಲ ಹಾಳೆಯ ಮೇಲೆ ವೇಳೆ ಬರೆದು ಸಹಿ ಹಾಕಿ ನಿವೃತ್ತರಾದವರು ಅವರು. ಸಹಿ ಇಲ್ಲದೆ ಯಾವ ಬಸ್ಸೂ ಮುಂದೆ ಹೋಗಬಾರದು ಎಂಬುದು ಅವರ ಧರ್ಮ. ನಿವೃತ್ತಿಯ ನಂತರ ವೇಳೆ ಬರೆಯಲು ಬಸ್ಸು ಸಿಗದೆ, ಸಂತೆಗೆ ಹೊರಟ ಹೆಂಡತಿಗೇ "ಎಷ್ಟಕ್ಕ ಬಿಟ್ಟಿ, ಎಷ್ಟಕ್ಕ ಬರ್ತಿ" ಎಂದು ಕೇಳತೊಡಗಿದರು. ಸುಂದರವ್ವ ಇವತ್ತಿನವರೆಗೂ ಇದಕ್ಕೆ ಉತ್ತರ ಕೊಟ್ಟಿಲ್ಲ.

ಅವರ ಒಬ್ಬಳೇ ಮಗಳು ರಾಜಶ್ರೀ ಇರುವುದು ಐರ್ಲೆಂಡಿನಲ್ಲಿ. ಅಳಿಯ ಕಾಂತು ಇಂಗಳೇಶ್ವರದ ಕುರಿಗಾರರ ಮನೆಯ ಹುಡುಗ. ಪಶುವೈದ್ಯಕೀಯ ಡಿಪ್ಲೊಮಾ ಮಾಡಿ, ಅಲ್ಲಿ ನಾನೂರು ಆಕಳುಗಳ ಒಂದು ಹೈನು ಫಾರ್ಮು ನೋಡಿಕೊಳ್ಳುತ್ತಾನೆ. ಮದುವೆಯ ಹೊತ್ತಿಗೆ ಬೀಗರೊಬ್ಬರು, ದನ ಕಾಯಲು ಅಷ್ಟು ದೂರ ಹೋಗಬೇಕಿತ್ತೇ, ಇಂಗಳೇಶ್ವರದಲ್ಲಿ ದನ ಇರಲಿಲ್ಲವೇ ಎಂದು ಕೇಳಿದ್ದರು. ಅದಿರಲಿ. ಈಗ ರಾಜಶ್ರೀಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ. ಫೋನಿನಲ್ಲಿ ಅವಳು ಉಳಿದದ್ದೆಲ್ಲ ನಗುತ್ತಲೇ ಹೇಳಿ, ಕೊನೆಗೆ ಒಂದು ಮಾತನ್ನು ಮಾತ್ರ ನಗದೆ ಹೇಳಿದಳು: "ಯವ್ವಾ, ನಾ ಕಣ್ಣ ತೆರದಾಗ ಎದುರಿಗಿ ನೀ ಇರಬೇಕ ನೋಡು." ಅವತ್ತಿನಿಂದ ಸುಂದರವ್ವ ಬಾಣಂತಿಗೆ ಕೊಡುವ ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತ ಕೂತರು. ಐರ್ಲೆಂಡಿನ ವೀಸಾ ಬಂತು, ಕಾಂತು ಟಿಕೆಟ್ಟು ಕಳಿಸಿದ. ಹೈದರಾಬಾದಿನಿಂದ ಹೊರಟು, ಗಲ್ಫಿನ ಒಂದು ಊರಿನಲ್ಲಿ ನಾಲ್ಕು ತಾಸು ಕೂತು, ವಿಮಾನ ಬದಲಿಸಿ ಡಬ್ಲಿನ್ ಸೇರುವುದು. ಆ ಗಲ್ಫಿನ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಸೋಮನಿಂಗಪ್ಪನವರು, ಅದಕ್ಕೆ ನಾನೂ ಅಲ್ಲಿಂದ ಒಂದು ಒಪ್ಪಿಗೆ ಪತ್ರ ತರಬೇಕೆನ್ನುತ್ತಾರೆ. ಯಾಕೆಂಬುದನ್ನೇ ಈಗ ಹೇಳಹೊರಟಿದ್ದೇನೆ.

ನಡುವೆ ವಿಮಾನ ಬದಲಿಸುವವರಿಗೆ ಕೆಲವು ಕಡೆ ಟ್ರಾನ್ಸಿಟ್ ವೀಸಾ ಎಂಬುದೊಂದು ಬೇಕಾಗುತ್ತದೆಂದು ಸೋಮನಿಂಗಪ್ಪನವರು ಕ್ಷೌರದಂಗಡಿಯಲ್ಲಿ ಕೇಳಿ ಬಂದರು. ಕಾಂತುವಿಗೆ ಫೋನು ಮಾಡಿದರೆ ಅವನು, ಮಾಮಾ, ನೀವು ನಿಲ್ದಾಣದ ಒಳಗೇ ಕೂತು ಮುಂದಿನ ವಿಮಾನ ಹತ್ತುತ್ತೀರಿ, ಅಲ್ಲಿ ಅದಕ್ಕೆ ಏನೂ ಬೇಡ ಎಂದ. ಹಿಂದೆ ಒಂದು ಆಕಳು ಕೂಗಿತು. ಆಕಳ ನಡುವೆ ನಿಂತು ಹೇಳಿದ ಕಾಯ್ದೆಯನ್ನು ನಂಬುವುದು ಹೇಗೆ? ಸೋಮನಿಂಗಪ್ಪನವರು ಅಧಿಕೃತವಾಗಿ ಕೇಳಲು ಹೊರಟರು.

ನಮ್ಮಲ್ಲಿ ಆಗ ಹೊಸದಾಗಿ 'ಪರದೇಶ ಪ್ರಯಾಣ ಮಾರ್ಗದರ್ಶನ ಕೇಂದ್ರ' ಎಂಬುದು ಒಂದು ಹಳೇ ಗೋದಾಮಿನಲ್ಲಿ ತೆರೆದಿತ್ತು. ಅದು ಯಾವ ಇಲಾಖೆಗೆ ಸೇರಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿದ್ದ ಒಬ್ಬನೇ ಅಧಿಕಾರಿ ಬಸಂತರಾಯರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಬಸಂತರಾಯರು ಅದಕ್ಕೆ ಮೊದಲು ಹದಿನೆಂಟು ವರ್ಷ ತಪಾಸಣೆ ನಾಕೆಯಲ್ಲಿ ಉಸುಕಿನ ಲಾರಿಗಳ ಪಾಸು ನೋಡಿದವರು. ವಿಮಾನವನ್ನು ಅವರು ಕಂಡದ್ದು ತಲೆಯ ಮೇಲೆ ಹಾರಿಹೋದಾಗ ಮಾತ್ರ. ಆದರೂ ಪ್ರಶ್ನೆ ಕೇಳಿ ಗಲಿಬಿಲಿಗೊಳ್ಳಲಿಲ್ಲ. ಅಧಿಕಾರಿ ಎಂದರೆ ಹಾಗಿರಬೇಕು.

"ಉಸುಕಿನ ಲಾರಿ ಆಲಮಟ್ಟಿಯಿಂದ ಇಂಡಿಗೆ ಹೊಂಟೈತಿ ಅನ್ರಿ," ಎಂದರು. "ನಡುವ ನಿಂತಲ್ಲೆಲ್ಲ ಪಾಸ್ ತೋರಸಬೇಕೊ ಬ್ಯಾಡೊ?"

"ತೋರಸಬೇಕ್ರಿ," ಎಂದರು ಸೋಮನಿಂಗಪ್ಪನವರು.

"ಉಸುಕಿಗೇ ಬೇಕಂದಮ್ಯಾಲ ಮನಷ್ಯಾರಿಗೆ ಬ್ಯಾಡೇನ್ರಿ?"

ಈ ತರ್ಕ ಸೋಮನಿಂಗಪ್ಪನವರ ಎದೆಗೆ ನೇರವಾಗಿ ಹೋಗಿ ಕೂತಿತು. ಮೂವತ್ತೊಂದು ವರ್ಷ ಅವರು ನಂಬಿದ್ದನ್ನು ಸರಕಾರ ಈಗ ಬಾಯಿಬಿಟ್ಟು ಹೇಳಿತ್ತು. ಬಸಂತರಾಯರು ದಾರಿಯಲ್ಲಿ ಎಲ್ಲೆಲ್ಲಿ ಇಳಿಯುತ್ತೀರೆಂದು ಕೇಳಿದರು. ಇವರು ಸತ್ಯವಂತರು, ಬಸವನ ಬಾಗೇವಾಡಿಯಲ್ಲಿ ಹೆಂಡತಿಯ ತಮ್ಮನ ಮನೆಯಲ್ಲಿ ಚಹಾ, ಸಿಂದಗಿಯಲ್ಲಿ ಹೆಂಡತಿಯ ಅಕ್ಕನ ಮನೆಯಲ್ಲಿ ಊಟ, ಆಮೇಲೆ ಹೈದರಾಬಾದು, ಆಮೇಲೆ ಗಲ್ಫು ಎಂದು ಒಪ್ಪಿಸಿದರು. ತಾಳಿಕೋಟೆ ಮೇಲಿಂದ ಹೋದರೆ ದಾರಿ ಹತ್ತಿರ. ಆದರೆ ಅಷ್ಟು ದೂರ ಹೊರಟವರು ಬಳಗದವರ ಮನೆಗೆ ಹೋಗದೆ ಮುಂದೆ ಹೋದರೆ ನಮ್ಮಲ್ಲಿ ಅದನ್ನು ಮೂರು ತಲೆಮಾರು ಮರೆಯುವುದಿಲ್ಲ.

ಬಸಂತರಾಯರು ಹಾಳೆ ತೆಗೆದು ಬರೆದುಕೊಟ್ಟರು: ಒಂದು ತಾಸಿಗಿಂತ ಹೆಚ್ಚು ಕೂರುವ ಪ್ರತಿ ಸ್ಥಳದಲ್ಲೂ ಅಲ್ಲಿ ವಾಸವಿರುವ ಪರಿಚಯಸ್ಥರ ಒಪ್ಪಿಗೆ ಪತ್ರ ತರತಕ್ಕದ್ದು, ಅದಕ್ಕೆ ಈ ಕೇಂದ್ರದ ಮೊಹರು ಬಿದ್ದರೆ ಅದೇ ಟ್ರಾನ್ಸಿಟ್ ಅನುಮತಿ. ಹೈದರಾಬಾದಿಗೆ ವಿನಾಯಿತಿ ಕೊಟ್ಟರು, ಅಲ್ಲಿ ಇವರಿಗೆ ಬಳಗದವರು ಯಾರೂ ಇಲ್ಲವೆಂದು. ಕೆಳಗೆ ಸಹಿ, ಅದರ ಮೇಲೆ ನೇರಳೆ ಬಣ್ಣದ ದುಂಡು ಮೊಹರು. ಮೊಹರು ನೋಡಿದ ಮೇಲೆ ಸೋಮನಿಂಗಪ್ಪನವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೊದಲು ಬಾಗೇವಾಡಿ. ಸುಂದರವ್ವನ ತಮ್ಮ ಪರಮಾನಂದ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಮನೆಗೆ ಚಹಾಕ್ಕೆ ಬರುವ ಬಗ್ಗೆ ಒಪ್ಪಿಗೆ ಬರೆದುಕೊಡೆಂದು ಭಾವ ಕೇಳಿದಾಗ ಅವನು ಹೆಂಡತಿಯ ಕಡೆ ನೋಡಿದ. ಹೆಂಡತಿ ಒಳಗಿನಿಂದ ಕಣ್ಣು ಮಾಡಿದಳು. ಅಕ್ಕ ತನ್ನ ತಮ್ಮನ ಮನೆಗೆ ಬರಲು ಕಾಗದ ಯಾಕೆ? ತವರಿನ ಮನೆಯಲ್ಲಿ ಪಾಲು ಕೇಳುವ ಮೊದಲ ಹೆಜ್ಜೆಯೇ ಇದು ಎಂದು ಅವಳ ಲೆಕ್ಕ. ಪರಮಾನಂದ ಒಪ್ಪಿಗೆಯ ಕರಡನ್ನು ವಕೀಲರಿಗೆ ತೋರಿಸಿದ. ವಕೀಲರು ನಾಲ್ಕು ದಿನ ಇಟ್ಟುಕೊಂಡು ತಿದ್ದಿ ಕೊಟ್ಟರು: 'ಸದರಿಯವರು ಒಂದು ಕಪ್ ಚಹಾ ಸೇವಿಸಲು ನಮ್ಮ ತಕರಾರು ಇಲ್ಲ. ಸದರಿ ಚಹಾದಿಂದ ಮನೆಯ ಮೇಲೆ ಯಾವುದೇ ಹಕ್ಕು ಹುಟ್ಟತಕ್ಕದ್ದಲ್ಲ.' ಇದನ್ನು ಓದಿಸಿ ಕೇಳಿದ ಸುಂದರವ್ವ, ತಮ್ಮನಿಗೆಂದು ತೆಗೆದಿಟ್ಟಿದ್ದ ಉಂಡೆಗಳನ್ನು ಡಬ್ಬಿಗೆ ವಾಪಸು ಹಾಕಿದರು. ಸೋಮನಿಂಗಪ್ಪನವರು ಮಾತ್ರ, ಭಾಷೆ ಬಹಳ ಕಾಯ್ದೆಬದ್ಧವಾಗಿದೆಯೆಂದು ನನಗೆ ತೋರಿಸಿದರು.

ಸಿಂದಗಿಯಲ್ಲಿ ಆದದ್ದು ಇದರ ತಿರುಗಮುರುಗ. ಸುಂದರವ್ವನ ಅಕ್ಕ ರುಕ್ಮವ್ವನಿಗೆ ಕಾಗದ ಬರೆದುಕೊಡುವುದು ಮದುವೆಯ ಆಮಂತ್ರಣ ಕೊಟ್ಟಷ್ಟೇ ಸಂತೋಷ. ಆಕೆ ಇಡೀ ಓಣಿಗೆ ಸುದ್ದಿ ಮುಟ್ಟಿಸಿದಳು. ತಂಗಿಗೆ ಐರ್ಲೆಂಡಿಗೆ ಹೋಗಲು ಸಿಂದಗಿಯ ಒಪ್ಪಿಗೆ ಬೇಕಂತೆ ಎಂಬುದು ಸಣ್ಣ ಸುದ್ದಿಯಲ್ಲ. ಪಕ್ಕದ ಮನೆಯವರು ಸಾಕ್ಷಿಯಾಗಿ ಸಹಿ ಹಾಕಿದರು. ಅವರು ಹಾಕಿದ ಮೇಲೆ ಎದುರು ಮನೆಯವರು ಬಿಟ್ಟಾರೆಯೇ? ಒಟ್ಟು ಒಂಬತ್ತು ಮನೆಯ ಸಹಿ ಬಿತ್ತು. ಸಹಿ ಹಾಕಿದವರ ಮನೆಗೆ ಹೋಗದೆ ಇರುವುದು ಹೇಗೆಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ.

ಉಳಿದದ್ದು ಗಲ್ಫು. ಇಂಡಿ ಊರಿನ ಲಿಂಬೆಹಣ್ಣಿನ ವ್ಯಾಪಾರಿ ನಿಯಾಜ ಸೋಮನಿಂಗಪ್ಪನವರ ಹಳೆಯ ಗೆಳೆಯ. ಒಂದು ಕಾಲಕ್ಕೆ ಅವನ ಲಿಂಬೆ ಚೀಲಗಳು ಇವರ ನಿಲ್ದಾಣದಿಂದಲೇ ಬಸ್ಸಿನ ನೆತ್ತಿ ಏರುತ್ತಿದ್ದವು. ನಿಯಾಜನ ಮಗ ಖಲೀಲ ಆ ಗಲ್ಫಿನ ಊರಿನಲ್ಲೇ ಕಾಯಿಪಲ್ಯದ ಮಳಿಗೆ ನಡೆಸುತ್ತಿದ್ದ. ಸೋಮನಿಂಗಪ್ಪನವರು ಇಂಡಿ ಬಸ್ಸು ಹತ್ತಿ ಹೋಗಿ, ನಿನ್ನ ಮಗನಿಂದ ನಾಲ್ಕು ತಾಸಿಗೆ ಒಂದು ಒಪ್ಪಿಗೆ ಪತ್ರ ಬೇಕಪ್ಪ ಎಂದರು. ನಿಯಾಜನ ಮುಖ ಸಣ್ಣದಾಯಿತು.

"ನಾಕ್ ತಾಸಂದ್ರ ಏನ್ರಿ ಸಾಹೇಬ್ರ," ಎಂದ. "ನನ್ನ ಮಗಾ ಇರೂ ಊರಾಗ ನಿಮ್ಮನ್ನ ನಾಕ್ ತಾಸು ಕುಂಡ್ರಿಸಿ ಕಳಿಸಿದಾ ಅಂದ್ರ ನಾಳಿ ಇಂಡಿ ಪ್ಯಾಟ್ಯಾಗ ನಾ ಹ್ಯಾಂಗ ತಿರಗಾಡ್ಲಿ?"

ಅಲ್ಲೇ ಮಗನಿಗೆ ಫೋನು ಹೋಯಿತು. ಖಲೀಲನೂ ತಂದೆಯ ಮಗನೇ. ಮರುದಿನವೇ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಪತ್ರ ಬಂತು: ಸೋಮನಿಂಗ ಕಾಕಾ ಮತ್ತು ಸುಂದರವ್ವ ಕಾಕು ಗುರುವಾರ, ಶುಕ್ರವಾರ ಎರಡು ದಿನ ನನ್ನ ಮನೆಯಲ್ಲಿ ಇರತಕ್ಕವರು, ಊರು ತೋರಿಸುವ, ಊಟ ಹಾಕುವ, ಮುಂದಿನ ವಿಮಾನಕ್ಕೆ ಬಿಡುವ ಪೂರ್ಣ ಜವಾಬ್ದಾರಿ ನನ್ನದು. ಟಿಕೆಟ್ಟಿನ ಪ್ರಕಾರ ಅಲ್ಲಿ ಇರುವುದು ನಾಲ್ಕೇ ತಾಸಲ್ಲವೇ ಎಂದು ನಾನು ಸೋಮನಿಂಗಪ್ಪನವರನ್ನು ಕೇಳಿದೆ. ನಮ್ಮ ಭಾಗದಲ್ಲಿ ಕರೆಯುವವರು ಎರಡು ದಿನ ಅನ್ನಬೇಕು, ಬರುವವರು ಎರಡು ತಾಸು ಕೂರಬೇಕು, ಅದು ರೀತಿ, ಅಷ್ಟೂ ತಿಳಿಯದೇ ಎಂದು ಅವರು ನನ್ನನ್ನೇ ಗದರಿದರು. ಬಸಂತರಾಯರು ಮೂರೂ ಪತ್ರಗಳ ಮೇಲೆ ಮೊಹರು ಒತ್ತಿದರು. ಇಂಗ್ಲಿಷ್ ಪತ್ರಕ್ಕೆ ಎರಡು ಸಲ ಒತ್ತಿದರು.

ಬುಧವಾರ ಬೆಳಿಗ್ಗೆ ಹೊರಟರು. ನೆರೆಮನೆಯೆಂದು ಕೀಲಿ ನನ್ನ ಕೈಗೆ ಬಂತು. ಇನ್ನು ಮುಂದಿನದನ್ನು ನಾನು ಕೇಳಿದ್ದು ಸುಂದರವ್ವನಿಂದ. ಸೋಮನಿಂಗಪ್ಪನವರು ಹೇಳುವ ಕಥೆ ಬೇರೆ ಇದೆ. ಅದರಲ್ಲಿ ಅವರೇ ಗೆಲ್ಲುತ್ತಾರೆ.

ಬಾಗೇವಾಡಿಯಲ್ಲಿ ಕರಾರಿನ ಪ್ರಕಾರ ಒಂದೊಂದೇ ಕಪ್ ಚಹಾ ಬಂತು. ಸಿಂದಗಿಯಲ್ಲಿ ಊಟ ಮುಗಿಸಿ ಎರಡು ಗಂಟೆಯ ಬಸ್ಸಿಗೆ ಹೊರಡಬೇಕು. ಬಾಗಿಲಲ್ಲಿ ಒಂಬತ್ತು ಮನೆಯವರು ನಿಂತಿದ್ದರು. ಮೊದಲನೇ ಮನೆಯಲ್ಲಿ ಅವಲಕ್ಕಿ, ಎರಡನೆಯದರಲ್ಲಿ ಉಪ್ಪಿಟ್ಟು, ಮೂರನೆಯದರಲ್ಲಿ ಮತ್ತೆ ಅವಲಕ್ಕಿ, ಎಲ್ಲ ಕಡೆ ಕುಪ್ಪಸದ ಖಣ, ಅರಿಷಿಣ ಕುಂಕುಮ. ನಾಲ್ಕನೇ ಮನೆಯಲ್ಲಿ ಎರಡು ಗಂಟೆಯ ಬಸ್ಸು ಹೋಯಿತು, ಏಳನೆಯದರಲ್ಲಿ ನಾಲ್ಕೂವರೆಯದು. ಮೂವತ್ತೊಂದು ವರ್ಷದಲ್ಲಿ ಒಂದು ಬಸ್ಸನ್ನೂ ತಡ ಮಾಡದ ಸೋಮನಿಂಗಪ್ಪನವರು ಒಂಬತ್ತನೇ ಮನೆಯ ಉಪ್ಪಿಟ್ಟಿನ ಮುಂದೆ ಗಡಿಯಾರ ನೋಡುತ್ತ ಬೆವರಿದರು. ಕೊನೆಯ ಬಸ್ಸು ಹಿಡಿದು, ಮರುದಿನ ವಿಮಾನ ನಿಲ್ದಾಣದ ಕೌಂಟರು ಮುಚ್ಚಲು ಇಪ್ಪತ್ತು ನಿಮಿಷವಿದ್ದಾಗ ಓಡುತ್ತ ಬಂದು ನಿಂತರು.

ಕೌಂಟರಿನ ಹುಡುಗಿ ಪಾಸ್‌ಪೋರ್ಟು ನೋಡಿದಳು, ಐರ್ಲೆಂಡಿನ ವೀಸಾ ನೋಡಿದಳು, ಸರಿಯಾಗಿದೆ ಎಂದು ತಲೆಯಾಡಿಸಿದಳು. ಬೋರ್ಡಿಂಗ್ ಪಾಸು ಯಂತ್ರದಿಂದ ಅರ್ಧ ಹೊರಗೆ ಬಂದಿತ್ತು. ಇನ್ನೇನು ಬೇಕು? ಬೇರೆ ಯಾರಾದರೂ ಆಗಿದ್ದರೆ ಅದನ್ನು ಎಳೆದುಕೊಂಡು ಓಡುತ್ತಿದ್ದರು. ಆದರೆ ಮೂರು ಪತ್ರ, ನಾಲ್ಕು ಮೊಹರು, ಒಂದು ವಕೀಲರ ಭಾಷೆ ಕಟ್ಟಿಕೊಂಡು ಬಂದ ಮನುಷ್ಯ ಅವನ್ನು ಯಾರೂ ನೋಡದೆ ಹೇಗೆ ಹೋದಾನು? ಸೋಮನಿಂಗಪ್ಪನವರು ಯಾರೂ ಕೇಳದಿದ್ದರೂ ಕಡತ ಬಿಚ್ಚಿ ಮುಂದಿಟ್ಟರು.

ಹುಡುಗಿ ಕನ್ನಡದವನ್ನು ಬದಿಗಿಟ್ಟು ಇಂಗ್ಲಿಷಿನದನ್ನು ಓದಿದಳು. ಎರಡು ದಿನ ಹೊರಗೆ ಹೋಗಿ ಇರುತ್ತೀರಾ ಎಂದು ಕೇಳಿದಳು. ಪತ್ರದಲ್ಲಿ ಹಾಗೇ ಇದೆಯಲ್ಲ ಎಂದು ಅವರು ಹೆಮ್ಮೆಯಿಂದ ಹೌದೆಂದರು. ಹಾಗಾದರೆ ಆ ದೇಶದ ವೀಸಾ ಎಲ್ಲಿ ಎಂದಳು. ಅವರು ಬಸಂತರಾಯರ ಮೊಹರು ತೋರಿಸಿದರು. ಅವಳು ಬೋರ್ಡಿಂಗ್ ಪಾಸನ್ನು ಎತ್ತಿ ತನ್ನ ಕಡೆ ಇಟ್ಟುಕೊಂಡು ಮೇಲಧಿಕಾರಿಯನ್ನು ಕರೆದಳು.

ಬಂದವರು ಅನಿಲಕುಮಾರ ಎಂಬ ಬೀದರ ಕಡೆಯವರು, ಕನ್ನಡ ಬರುತ್ತಿತ್ತು. ಅವರು ಸಮಾಧಾನದಿಂದ ವಿವರಿಸಿದರು. ನಿಲ್ದಾಣದ ಒಳಗೇ ಕೂತು ಮುಂದೆ ಹೋಗುವವರಿಗೆ ಅಲ್ಲಿ ಯಾವ ವೀಸಾವೂ ಬೇಡ, ಯಾವ ಪತ್ರವೂ ಬೇಡ. ಹೊರಗೆ ಹೋಗುವವರಿಗೆ ಬೇಕು. ನೀವು ಹೊರಗೆ ಹೋಗುವುದಿಲ್ಲ ಎಂದು ಹೇಳಿಬಿಡಿ, ಕಳಿಸುತ್ತೇನೆ. ಸೋಮನಿಂಗಪ್ಪನವರು, ಬೇಡವೆಂದು ಹೇಗೆ ಹೇಳುತ್ತೀರಿ, ಸರಕಾರವೇ ಬೇಕೆಂದು ಬರೆದುಕೊಟ್ಟಿದೆ ಎಂದು ತಮ್ಮ ವಿರುದ್ಧವೇ ವಾದಿಸತೊಡಗಿದರು. ಕೌಂಟರು ಮುಚ್ಚಲು ಹತ್ತು ನಿಮಿಷ. ಟಿಕೆಟ್ಟು ಬದಲಿಸಲು ಬಾರದ್ದು. ಮುಂದಿನ ವಾರದೊಳಗೆ ರಾಜಶ್ರೀಗೆ ಯಾವ ದಿನ ಏನೋ. ಸುಂದರವ್ವ ಅಂಟಿನುಂಡೆಯ ಡಬ್ಬಿಯನ್ನು ಕೌಂಟರಿನ ಮೇಲಿಟ್ಟರು.

ಅಷ್ಟರಲ್ಲಿ ಸೋಮನಿಂಗಪ್ಪನವರ ಫೋನು ಹಾಡಿತು. ವಿಡಿಯೋದಲ್ಲಿ ಖಲೀಲ, ಅವನ ಹಿಂದೆ ಹೆಂಡತಿ, ಅವಳ ಹಿಂದೆ ಒಲೆಯ ಮೇಲೆ ಒಂದು ದೊಡ್ಡ ಪಾತೇಲಿ. ಮಟನ್ನಿಗೆ ಮಸಾಲೆ ಹಚ್ಚಿಟ್ಟಾಗಿದೆ, ಎಲ್ಲಿದ್ದೀರಿ ಕಾಕಾ ಎಂದ. ಅನಿಲಕುಮಾರರು ಇವರ ಮುಖ ನೋಡಿದರು. ಈಗ ಹೇಳಬೇಕಾದದ್ದು ಒಂದೇ ವಾಕ್ಯ: ನಿನ್ನ ಮನೆಗೆ ಬರುವುದಿಲ್ಲ. ಸೋಮನಿಂಗಪ್ಪನವರ ಬಾಯಿಂದ ಅದು ಬರಲಿಲ್ಲ. ಹೇಗೆ ಬಂದೀತು? ಕರೆದವರಿಗೆ, ಅದೂ ಒಲೆ ಹಚ್ಚಿ ಕೂತವರಿಗೆ, ಬರುವುದಿಲ್ಲವೆಂದು ಅವರ ವಂಶದಲ್ಲಿ ಯಾರೂ ಹೇಳಿದವರಲ್ಲ. ಅವರು ಅನಿಲಕುಮಾರರ ಕಡೆ ತಿರುಗಿ, ಬರೀ ಒಂದು ಕಪ್ ಚಹಾ ಕುಡಿದು ಬಂದರೆ ನಡೆಯುವುದಿಲ್ಲವೇ ಎಂದು ಕೇಳಿದರು.

ಸುಂದರವ್ವ ಗಂಡನ ಕೈಯಿಂದ ಫೋನು ಕಸಿದುಕೊಂಡರು.

"ಖಲೀಲಾ, ತಪ್ಪ ತಿಳ್ಕೋಬ್ಯಾಡಪ್ಪಾ. ಮಗಳ ಬಾಣಂತನಕ್ಕ ಹೊಂಟ ತಾಯಿ ನೀರು ದಾಟಿದ ಮ್ಯಾಲ ನಡುವ ಯಾರ ಮನಿ ಹೊಸ್ತಲಾನೂ ತುಳಿಬಾರದು. ನಮ್ಮಾಗ ಹಂಗ ಪದ್ಧತಿ ಐತಿ."

ಆ ಕಡೆ ಹೆಂಡತಿಯ ಕೈ ಒಲೆಯ ಉರಿ ಸಣ್ಣ ಮಾಡಿತು. ಆಮೇಲೆ ಖಲೀಲನ ಧ್ವನಿ ತಗ್ಗಿತು. "ಹೌದಲ್ರಿ ಕಾಕು, ನಮ್ಮ ಅಜ್ಜಿನೂ ಹಂಗ ಅಂತಿದ್ಲು. ನನಗ ನೆನಪ ಆಗಲಿಲ್ಲ ನೋಡ್ರಿ," ಎಂದ. ಅವನ ಹೆಂಡತಿ ಹಿಂದಿನಿಂದ, ತನ್ನ ತವರಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ನಡೆಸುತ್ತಾರೆಂದು ಸೇರಿಸಿದಳು. ಅನಿಲಕುಮಾರರು ಕೂಡ, ಬೀದರ ಕಡೆಯೂ ಇದೆ ಎಂದು ತಲೆಯಾಡಿಸಿದರು.

ಸೋಮನಿಂಗಪ್ಪನವರೊಬ್ಬರೇ ತಬ್ಬಿಬ್ಬಾಗಿ ಹೆಂಡತಿಯ ಕಿವಿಯ ಬಳಿ ಬಗ್ಗಿದರು. "ಇಂಥಾ ಪದ್ಧತಿ ನಮ್ಮಾಗ ಯಾವಾಗಿಂದ ಐತಿ?"

"ಈಗಿಂದ," ಎಂದರು ಸುಂದರವ್ವ.

ಖಲೀಲನ ಪತ್ರವನ್ನು ಸೋಮನಿಂಗಪ್ಪನವರೇ ರದ್ದು ಮಾಡಿದರು. ಅನಿಲಕುಮಾರರು ಹರಿದು ಹಾಕಿದರೆ ಸಾಕೆಂದರೂ ಕೇಳದೆ, ಕಿಸೆಯಿಂದ ಕೆಂಪು ಪೆನ್ನು ತೆಗೆದು ಅಡ್ಡಗೆರೆ ಎಳೆದು, 'ಈ ಟ್ರಿಪ್ ರದ್ದು' ಎಂದು ಬರೆದು, ವೇಳೆ ನಮೂದಿಸಿ ಸಹಿ ಹಾಕಿದರು. ಹುಡುಗಿ ಬೋರ್ಡಿಂಗ್ ಪಾಸು ಕೊಟ್ಟಾಗ ಕೌಂಟರು ಮುಚ್ಚಲು ಎರಡು ನಿಮಿಷ ಉಳಿದಿತ್ತು.

ಗಲ್ಫಿನ ನಿಲ್ದಾಣದಲ್ಲಿ ನಾಲ್ಕು ತಾಸು ಇಬ್ಬರೂ ಒಂದು ಬೆಂಚಿನ ಮೇಲೆ ಕೂತಿದ್ದರು. ಯಾರೂ ಪತ್ರ ಕೇಳಲಿಲ್ಲ. ಅದರಿಂದ ಸೋಮನಿಂಗಪ್ಪನವರಿಗೆ ಸ್ವಲ್ಪ ಬೇಸರವೂ ಆಯಿತು. ಮೂರನೇ ತಾಸಿನಲ್ಲಿ ಗಾಲಿಕುರ್ಚಿ ತಳ್ಳುವ ಕೆಲಸದವನೊಬ್ಬ ಹುಡುಕುತ್ತ ಬಂದು, ತನ್ನ ಊಟದ್ದೆಂದು ಒಳಗೆ ತಂದಿದ್ದ ನಾಲ್ಕು ಅಂತಸ್ತಿನ ಡಬ್ಬಿಯನ್ನು ಅವರ ಮುಂದಿಟ್ಟ. ಹೊಸ್ತಿಲು ತುಳಿಯಬಾರದು ಸರಿ, ಹೊಸ್ತಿಲು ದಾಟಿ ಬಂದ ಊಟಕ್ಕೆ ಅಡ್ಡಿಯಿಲ್ಲವಷ್ಟೇ ಎಂದು ಖಲೀಲ ಹೇಳಿ ಕಳಿಸಿದ್ದ. ಸುಂದರವ್ವ ಡಬ್ಬಿಯ ಅಂತಸ್ತುಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಸುಳ್ಳು ಹೇಳಿದ್ದಕ್ಕೆ ಆಗ ಆದಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲವಂತೆ. ಆದರೂ ಡಬ್ಬಿ ಖಾಲಿಯಾಯಿತು.

ಅವರು ಮುಟ್ಟಿದ ಎರಡನೇ ದಿನ, ಹೇಳಿದ ತಾರೀಖಿಗಿಂತ ಎಂಟು ದಿನ ಮೊದಲೇ, ರಾಜಶ್ರೀಗೆ ಹೆಣ್ಣು ಮಗು ಹುಟ್ಟಿತು. ಅವಳು ಕಣ್ಣು ತೆರೆದಾಗ ಎದುರಿಗೆ ಅವ್ವ ಇದ್ದಳು. ಇದನ್ನು ಹೇಳುವಾಗ ಸುಂದರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು, ನನಗೂ ಕಣ್ಣು ಮಂಜಾಯಿತು. ಸೋಮನಿಂಗಪ್ಪನವರು ಮಗು ಹುಟ್ಟಿದ ವೇಳೆ ಬರೆದಿಟ್ಟುಕೊಂಡಿದ್ದ ಚೀಟಿ ತೋರಿಸಿದರು. ಅದರ ಕೆಳಗೆ ಅವರ ಸಹಿಯಿತ್ತು.

ಮೂರು ತಿಂಗಳ ನಂತರ ವಾಪಸು ಬಂದವರೇ ಸೋಮನಿಂಗಪ್ಪನವರು ಬಸಂತರಾಯರ ಕೇಂದ್ರಕ್ಕೆ ಹೋಗಿ, ಹೆಂಡತಿಯ 'ಈಗಿಂದ' ಒಂದನ್ನು ಬಿಟ್ಟು, ನಡೆದದ್ದೆಲ್ಲ ವಿಸ್ತಾರವಾಗಿ ಹೇಳಿದರು. ನಿಮ್ಮ ಮಾತು ಕೇಳಿ ವಿಮಾನವೇ ತಪ್ಪುತ್ತಿತ್ತು, ಆ ಪದ್ಧತಿಯ ಮಾತೊಂದು ಬರದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಬೈದರು. ಬಸಂತರಾಯರು ಬೇಸರಪಡದೆ ಎಲ್ಲವನ್ನೂ ಬರೆದುಕೊಂಡರು. ಮುಂದಿನ ವಾರ ಕೇಂದ್ರದ ಹೊರಗಿನ ಫಲಕದಲ್ಲಿ ಆರು ನಿಯಮಗಳ ಕೆಳಗೆ ಏಳನೆಯದೊಂದು ಕಾಣಿಸಿತು: 'ಬಾಣಂತನಕ್ಕೆ ತೆರಳುವ ತಾಯಂದಿರು ಮಾರ್ಗಮಧ್ಯೆ ಯಾರ ಮನೆಯನ್ನೂ ಪ್ರವೇಶಿಸತಕ್ಕದ್ದಲ್ಲ.' ಯಾರೋ ಅದರ ಫೋಟೋ ತೆಗೆದು ಹಂಚಿದರು. ಬಾಗೇವಾಡಿ, ಸಿಂದಗಿ, ಇಂಡಿ, ಎಲ್ಲ ಕಡೆ ಹೋಯಿತು.

ಹೋದ ತಿಂಗಳು ರುಕ್ಮವ್ವನ ಮಗಳಿಗೆ ಇಳಕಲ್ಲಿನಲ್ಲಿ ದಿನ ತುಂಬಿದ್ದವು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತಾಯಿಯೇ ಅಲ್ಲಿಗೆ ಹೊರಟಳು. ಸಿಂದಗಿಯಿಂದ ಇಳಕಲ್ಲಿಗೆ ಹೋಗುವ ಬಸ್ಸು ಮುದ್ದೇಬಿಹಾಳದಲ್ಲಿ ನಿಲ್ಲುತ್ತದೆ. ಸುಂದರವ್ವ ಬೆಳಿಗ್ಗೆಯಿಂದ ಶೇಂಗಾ ಹೋಳಿಗೆ ಮಾಡಿ, ಅಕ್ಕನ ಮಗಳಿಗೆಂದು ಒಂದು ಡಬ್ಬಿ ತುಂಬಿಕೊಂಡು, ಅಕ್ಕನನ್ನು ಕರೆತರಲು ಗಂಡನೊಂದಿಗೆ ನಿಲ್ದಾಣಕ್ಕೆ ಹೋದರು. ನಾನೂ ಹೋಗಿದ್ದೆ. ಬಸ್ಸು ಬಂತು. ರುಕ್ಮವ್ವ ಕಿಟಕಿಯಿಂದ ಕೈ ಬೀಸಿದಳು, ಇಳಿಯಲಿಲ್ಲ.

"ಬಾಣಂತನಕ್ಕ ಹೊಂಟೇನಿ ತಂಗಿ, ನಡುವ ಮನಿಗಿ ಬರಂಗಿಲ್ಲ," ಎಂದಳು. "ಪದ್ಧತಿ ಐತಿ. ಸರಕಾರದವರೂ ಬರದಾರ."

ಸುಂದರವ್ವ ಕಿಟಕಿಯ ಹತ್ತಿರ ಹೋದರು. ಸುಳ್ಳೆಂದು ಹೇಳಿದರೆ ಸಿಂದಗಿಯ ಒಂಬತ್ತು ಮನೆಗೂ ತಿಳಿಯುತ್ತದೆ, ಅಲ್ಲಿಂದ ಇಂಡಿಯ ನಿಯಾಜನಿಗೆ, ಅಲ್ಲಿಂದ ಖಲೀಲನಿಗೆ. ಅವರು ಹೋಳಿಗೆಯ ಡಬ್ಬಿಯನ್ನು ಕಿಟಕಿಯಿಂದ ಒಳಗೆ ಕೊಟ್ಟರು. ಬಸ್ಸು ಹೊರಟಿತು. ಸೋಮನಿಂಗಪ್ಪನವರು ಅಭ್ಯಾಸಬಲದಿಂದ ಗಡಿಯಾರ ನೋಡಿದರು.

"ಅಲ್ರೀ," ಎಂದರು ಸುಂದರವ್ವ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ. "ಆ ಪದ್ಧತಿ ರದ್ದ ಮಾಡಾಕ ಏನ ಮಾಡಬೇಕು?"

ಸೋಮನಿಂಗಪ್ಪನವರು ಕಿಸೆಯಿಂದ ಕೆಂಪು ಪೆನ್ನು ತೆಗೆದು ನೋಡಿ, ಮತ್ತೆ ಒಳಗಿಟ್ಟರು.

"ಬಸಂತರಾಯರನ್ನ ಕೇಳಬೇಕು," ಎಂದರು.